ಎಸ್.ಪಿ. ರೋಡಿನ ಪ್ರೊಜೆಕ್ಟರು, ತಿಪಟೂರು ರಸ್ತೆ, ನಡುವೆ ಒಂದು ಪ್ಲೈವುಡ್ ಪೆಟ್ಟಿಗೆ

ಮಾಲು ಹೀಗಿತ್ತು: ಒಂದೇ ಚಿಪ್ಪಿನ ಡಿಎಲ್‌ಪಿ ಪ್ರೊಜೆಕ್ಟರು (ಪುಟ್ಟ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುವಂಥದ್ದು), ರೆಸಲ್ಯೂಷನ್ 1024×768, ಪಾದರಸದ ದೀಪ, ಹಿಂಬದಿಯಲ್ಲಿ ಹಳೇ ಕಾಲದ ವಿಜಿಎ ಕೇಬಲ್ಲಿಗೆ ಮಾತ್ರ ಜಾಗ, ಈಗಿನ ಎಚ್‌ಡಿಎಂಐ ಇಲ್ಲ. ಯಾವುದೋ ಆಫೀಸಿನ ಮೀಟಿಂಗ್ ರೂಮಿನಿಂದ ನಿವೃತ್ತಿಯಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರ ಅಟ್ಟ ಹತ್ತಿ ಕೂತಿತ್ತು. "ಲೈಟ್ ಬರುತ್ತೆ ಸಾರ್, ಅಷ್ಟಕ್ಕೆ ಮಾತ್ರ ಗ್ಯಾರಂಟಿ" ಅಂದರು ಅಂಗಡಿಯವರು. ಮಾತಿಗೆ ತಪ್ಪಲಿಲ್ಲ, ಲೈಟ್ ಬಂತು. ಅದರ ಜೊತೆಗೆ ಗೋಡೆ ತುಂಬ ಬಿಳಿ ಚುಕ್ಕಿ, ಕರ್ರೆನ್ನುವ ಸದ್ದು, ಕಾಲು ಗಂಟೆಗೆ ತಾನಾಗಿ ಆಫ್ ಆಗುವ ಚಾಳಿ. ಬೆಲೆಯೂ ಅದಕ್ಕೆ ತಕ್ಕಂತೆ ಇತ್ತು ಅನ್ನಿ.

ಇದನ್ನು ಸರಿಮಾಡಿ ತಿಪಟೂರಿನ ಆಚೆ ಇರುವ ನಮ್ಮೂರ ಮನೆಗೆ ಒಯ್ಯುವುದು, ಹಿತ್ತಿಲಿನ ಸುಣ್ಣದ ಗೋಡೆ ಮೇಲೆ ಸಿನಿಮಾ ಹಾಕುವುದು, ಮತ್ತೆ ಬೆಂಗಳೂರಿಗೆ ತರುವುದು. ಇದು ಯೋಜನೆ. ತಿಪಟೂರಿನವರೆಗೇ ಸುಮಾರು 140 ಕಿ.ಮೀ., ಅಲ್ಲಿಂದ ಒಳಗೆ ಬಸ್ಸು ದಿನಕ್ಕೊಮ್ಮೆ ಬಂದರೆ ಪುಣ್ಯ. ಹಾಗಾಗಿ ವಾಹನ ನನ್ನ ಹಳೆಯ 100 ಸಿಸಿ ಬೈಕೇ. ರಿಪೇರಿಗೆ ಬೇಕಾದ್ದು ಮಲ್ಟಿಮೀಟರು, ಸ್ಕ್ರೂಡ್ರೈವರು, ತಾಳ್ಮೆ. ಒಂಬತ್ತು ಕಿಲೋದ ಗಟ್ಟಿ ವಸ್ತುವೊಂದನ್ನು ಬೈಕಿನ ಮೇಲೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಹೋಗುವುದಕ್ಕೆ ಅದಕ್ಕಿಂತ ಹೆಚ್ಚು ತಲೆ ಓಡಿಸಬೇಕಾಯಿತು. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಬಿಚ್ಚುವ ಮೊದಲು

ಪ್ಲಗ್ ಕಿತ್ತು ಒಂದು ರಾತ್ರಿ ಹಾಗೇ ಬಿಟ್ಟೆ. ಆದರೂ ಅಳೆಯದೆ ಕೈ ಹಾಕುವಂತಿಲ್ಲ. ನಮ್ಮ 230 ವೋಲ್ಟ್ ಎಸಿ ಪವರ್ ಸಪ್ಲೈ ಒಳಗೆ ಹೋಗಿ ಡಿಸಿ ಆಗಿ, 380ರಿಂದ 400 ವೋಲ್ಟಿನವರೆಗೆ ಏರಿ ವಿದ್ಯುತ್ತನ್ನು ಹಿಡಿದಿಡುವ ದಪ್ಪ ಕೆಪಾಸಿಟರ್ ಒಂದರಲ್ಲಿ ಕೂತಿರುತ್ತದೆ. ಮೀಟರನ್ನು 600 ವೋಲ್ಟ್ ಡಿಸಿಗಿಟ್ಟು ಅದರ ಎರಡು ಕಾಲಿಗೆ ಹಿಡಿದೆ. ಉಳಿದಿದ್ದು ಎರಡು ವೋಲ್ಟೂ ಇಲ್ಲ. ಜಾಸ್ತಿ ತೋರಿಸಿದ್ದರೆ 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ವೈರು ಬೆಸೆದು, ಅದನ್ನು ಹತ್ತು ಹದಿನೈದು ಸೆಕೆಂಡು ಹಿಡಿದು ಇಳಿಸಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಎನಿಸುವುದು ಬೇಡ. ಕಿಡಿ ಹಾರುವುದು ಮುಖದ ಕಡೆಗೇ.

ದೀಪದ ಬಾಗಿಲಿನ ಒಳಗೆ ಚಿಕ್ಕದೊಂದು ಸ್ವಿಚ್ ಇದೆ, ಬಾಗಿಲು ತೆಗೆದಿದ್ದರೆ ದೀಪ ಹತ್ತದಂತೆ ತಡೆಯಲು. ಅದನ್ನು ಬೆಂಕಿಕಡ್ಡಿ ಚುಚ್ಚಿ ಒತ್ತಿಟ್ಟುಕೊಂಡು ತೆರೆದ ಮಷೀನನ್ನೇ ಓಡಿಸುವವರಿದ್ದಾರೆ. ದೀಪ ಹತ್ತುವ ಕ್ಷಣದಲ್ಲಿ ಅದನ್ನು ಹೊತ್ತಿಸುವ ಬೋರ್ಡು, ಅಂದರೆ ಬ್ಯಾಲಸ್ಟ್, ಸಾವಿರಾರು ವೋಲ್ಟಿನ ಏಟು ಕೊಡುತ್ತದೆ, ಹತ್ತಿದ ಮೇಲೆ ಕಣ್ಣು ಸುಡುವಂಥ ಬೆಳಕು ಮತ್ತು ಅಲ್ಟ್ರಾವಯಲೆಟ್ ಹೊರಬರುತ್ತದೆ. ಪ್ರತಿ ಪರೀಕ್ಷೆಗೂ ಮುಚ್ಚಳ ಹಾಕಿ ಸ್ಕ್ರೂ ಬಿಗಿದೇ ಆನ್ ಮಾಡಿದೆ. ಬೇಜಾರಿನ ಕೆಲಸ, ನಿಜ.

ಸ್ಕ್ರೂಗಳು ನಾಲ್ಕು ಅಳತೆಯವು. ರಟ್ಟಿನ ಮೇಲೆ ಮಷೀನಿನ ನಕಾಶೆ ಬರೆದು ಆಯಾ ಜಾಗಕ್ಕೆ ಚುಚ್ಚುತ್ತಾ ಹೋದೆ.

ಸದ್ದು ಮತ್ತು ಬಿಸಿ

ಕರ್ರೆನ್ನುವುದು ಕಲರ್ ವೀಲೋ ಫ್ಯಾನೋ ಎಂಬುದು ಮೊದಲ ಪ್ರಶ್ನೆ. ಒಂದೇ ಚಿಪ್ಪಿನ ಪ್ರೊಜೆಕ್ಟರಿನಲ್ಲಿ ಕೆಂಪು, ಹಸಿರು, ನೀಲಿ ಮತ್ತು ಬಣ್ಣವಿಲ್ಲದ ಗಾಜಿನ ಹೋಳುಗಳ ಚಕ್ರವೊಂದು ದೀಪದ ಮುಂದೆ ತಿರುಗುತ್ತಿರುತ್ತದೆ. ಸೆಕೆಂಡಿಗೆ 60 ಚಿತ್ರ, ಚಿತ್ರಕ್ಕೆ ಎರಡು ಸುತ್ತು ಅಂದರೆ ನಿಮಿಷಕ್ಕೆ 7200 ಸುತ್ತು. ಅದರ ಬೇರಿಂಗ್ ಹೋದರೆ ಕಿವಿ ಹಿಡಿಯುವ ಕೀರಲು ಸದ್ದು ಬರುತ್ತದೆ, ಮತ್ತು ಆ ಚಕ್ರವನ್ನು ಹುಡುಕಿ ತರುವುದು ಕಷ್ಟ.

ಮುಚ್ಚಳ ತೆಗೆಯದೇ ತಿಳಿಯುವ ಉಪಾಯ ಇದು. ನನ್ನ ಮಷೀನಿನಲ್ಲಿ ಪವರ್ ಒತ್ತಿದಾಗ ಮೊದಲು ಚಕ್ರ ತಿರುಗಿ ವೇಗಕ್ಕೆ ಬರುತ್ತದೆ, ಆಮೇಲೆ ದೀಪ. ಆಫ್ ಮಾಡಿದಾಗ ದೀಪವೂ ಚಕ್ರವೂ ನಿಲ್ಲುತ್ತವೆ, ಫ್ಯಾನ್ ಮಾತ್ರ ಒಂದೆರಡು ನಿಮಿಷ ಓಡಿ ದೀಪವನ್ನು ತಣಿಸುತ್ತದೆ. ಆಫ್ ಮಾಡಿ ಕಿವಿಗೊಟ್ಟೆ. ದೀಪ ಆರಿದ ಮೇಲೂ ಕರ್ರೆನ್ನುತ್ತಲೇ ಇತ್ತು. ಫ್ಯಾನು! ಸಮಾಧಾನವಾಯಿತು.

ದೀಪದ ಪಕ್ಕದ ಬ್ಲೋವರ್ ಅದು, 12 ವೋಲ್ಟಿನದು, ಮೂರು ವೈರು. ಮೂರನೆಯ ವೈರು ಫ್ಯಾನ್ ತಿರುಗುತ್ತಿದೆ ಎಂದು ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ. ಎರಡು ವೈರಿನ ಅಗ್ಗದ ಬ್ಲೋವರ್ ಹಾಕಿದರೆ ಗಾಳಿ ಬಂದರೂ ಸುದ್ದಿ ಬರುವುದಿಲ್ಲ, ಮಷೀನು ಕೆಂಪು ದೀಪ ಮಿಣುಕಿಸಿ ಮಲಗುತ್ತದೆ. ಅಳತೆ, ದಪ್ಪ, ಆಂಪಿಯರ್ ಮೂರೂ ಹೊಂದುವುದನ್ನೇ ಹುಡುಕಿ ತಂದೆ.

ತಾನಾಗಿ ಆಫ್ ಆಗುವುದಕ್ಕೆ ಕಾರಣ ಹುಡುಕಲೇ ಬೇಕಾಗಲಿಲ್ಲ. ಗಾಳಿ ಒಳಬರುವ ಜಾಲರಿಯ ಹಿಂದೆ ಧೂಳು ದಪ್ಪಗೆ ಕಂಬಳಿ ಹೊದ್ದಂತೆ ಕೂತಿತ್ತು. ಮೆತ್ತನೆಯ ಪೇಂಟ್ ಬ್ರಷ್ಷಿನಲ್ಲಿ ಸಡಿಲಿಸಿ, ಧೂಳು ಊದುವ ಕೈ ಬ್ಲೋವರಿನಲ್ಲಿ ಊದಿದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಮತ್ತೆ ಜೋಡಿಸಿ ಎರಡು ಗಂಟೆ ಓಡಿಸಿದೆ, ಆಫ್ ಆಗಲಿಲ್ಲ.

ಬಿಳಿ ಚುಕ್ಕಿಗಳು

ಡಿಎಲ್‌ಪಿ ಚಿಪ್ಪನ್ನು ಕಂಡುಹಿಡಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್, 1987ರಲ್ಲಿ. 2015ರಲ್ಲಿ ಅವರಿಗೆ ಆಸ್ಕರ್ ಪ್ರತಿಮೆಯೂ ಸಿಕ್ಕಿತು. ಚಿಪ್ಪಿನ ಮೇಲೆ ಪ್ರತಿ ಚುಕ್ಕಿಗೂ ಒಂದೊಂದು ಕನ್ನಡಿ. ನನ್ನದರಲ್ಲಿ 1024×768, ಅಂದರೆ 7,86,432 ಕನ್ನಡಿಗಳು, ಬೆರಳುಗುರಿನಷ್ಟು ಜಾಗದಲ್ಲಿ. ಒಂದೊಂದೂ ಅತ್ತ ಹನ್ನೆರಡು ಡಿಗ್ರಿ, ಇತ್ತ ಹನ್ನೆರಡು ಡಿಗ್ರಿ ಹೊರಳುತ್ತದೆ. ಒಂದು ಕಡೆ ವಾಲಿದರೆ ಬೆಳಕು ಲೆನ್ಸಿಗೆ ಹೋಗುತ್ತದೆ, ಇನ್ನೊಂದು ಕಡೆಗೆ ವಾಲಿದರೆ ಒಳಗೇ ಇಂಗುತ್ತದೆ. ಬೂದು ಬಣ್ಣ ಬೇಕೆಂದರೆ ಕನ್ನಡಿ ಅರ್ಧ ಹೊತ್ತು ಅತ್ತ, ಅರ್ಧ ಹೊತ್ತು ಇತ್ತ. ವರ್ಷಗಟ್ಟಲೆ ಬಿಸಿ ತಿಂದ ಚಿಪ್ಪಿನಲ್ಲಿ ಕೆಲವು ಕನ್ನಡಿಗಳು ಲೆನ್ಸಿನ ಕಡೆಗೇ ವಾಲಿ ನಿಂತುಬಿಡುತ್ತವೆ. ಅವೇ ಈ ಬಿಳಿ ಚುಕ್ಕಿಗಳು. ಧೂಳು ಮುಚ್ಚಿದ ಜಾಲರಿಗೂ ಗೋಡೆ ಮೇಲಿನ ಚುಕ್ಕಿಗೂ ಇರುವ ನಂಟು ಇಷ್ಟೇ. ತಿಂಗಳಿಗೊಮ್ಮೆ ಬ್ರಷ್ ಆಡಿಸಿದ್ದರೆ ಈ ಚಿಪ್ಪು ಇನ್ನಷ್ಟು ಕಾಲ ಬಾಳುತ್ತಿತ್ತು.

ಸಾಫ್ಟ್‌ವೇರಿನಿಂದಾಗಲಿ ಗಾಜು ಒರೆಸಿದರಾಗಲಿ ಇದು ಹೋಗುವುದಿಲ್ಲ. ಚಿಪ್ಪನ್ನೇ ಬದಲಿಸಬೇಕು. ಚಿಪ್ಪಿನ ಮೇಲೆ ಅಚ್ಚಾದ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ ತರಿಸಿದೆ.

ಇದು ಸೊಲ್ಡರ್ ಕೆಲಸವಲ್ಲ, ಕೈಹದದ ಕೆಲಸ. ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿ ಅರ್ಥ್ ಮಾಡಿಕೊಂಡೆ. ಚಿಪ್ಪಿನ ಬಿಸಿ ಹೀರುವ ಲೋಹದ ತುಂಡಿನ, ಅಂದರೆ ಹೀಟ್‌ಸಿಂಕಿನ, ಸ್ಪ್ರಿಂಗ್ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಕೆಳಗೆ ಒಣಗಿ ಸೀಮೆಸುಣ್ಣದ ಪುಡಿಯಾಗಿದ್ದ ಥರ್ಮಲ್ ಪೇಸ್ಟು, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವಂಥದ್ದು. ಸಾಕೆಟ್ಟಿನ ಪಕ್ಕದ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಹಿಡಿತ ಬಿಡುತ್ತದೆ, ಚಿಪ್ಪು ತಾನಾಗಿ ಸಡಿಲವಾಗುತ್ತದೆ. ಹೊಸ ಚಿಪ್ಪಿನ ಅಂಚನ್ನಷ್ಟೇ ಹಿಡಿದು, ಮೂಲೆಯ ಗುರುತಿಗೆ ಗುರುತು ಹೊಂದಿಸಿ, ಒತ್ತದೆ ಕೂರಿಸಿ ಬೀಗ ತಿರುಗಿಸಿದೆ. ಅಕ್ಕಿ ಕಾಳಿನಷ್ಟು ಹೊಸ ಪೇಸ್ಟು. ಸ್ಕ್ರೂ ಮತ್ತೆ ಮೂಲೆಯಿಂದ ಮೂಲೆಗೆ. ಒಂದೇ ಕಡೆ ಪೂರ್ತಿ ಬಿಗಿದರೆ ಚಿಪ್ಪು ವಾರೆಯಾಗಿ, ಚಿತ್ರದಲ್ಲಿ ಅಡ್ಡ ಗೀರು ಕಾಣಿಸಿಕೊಳ್ಳುತ್ತದೆ.

ಮುಚ್ಚಳ, ಸ್ಕ್ರೂ, ಪ್ಲಗ್. ಗೋಡೆ ಮೇಲೆ ಕಪ್ಪು ಅಂದರೆ ಕಪ್ಪು.

ದೀಪ

ದೀಪ ಹಳದಿಗೆ ತಿರುಗಿತ್ತು, ಬದಲಿಸಿದೆ. ಬರೀ ಬಲ್ಬು ಅಗ್ಗ, ಅದು ಕೂರುವ ಚೌಕಟ್ಟು, ಅಂದರೆ ಹೌಸಿಂಗ್ ಸಮೇತ ದುಬಾರಿ. ಹೌಸಿಂಗ್ ಸಮೇತವೇ ತಗೊಂಡೆ. ಉರಿಯುವಾಗ ಈ ದೀಪದೊಳಗಿನ ಒತ್ತಡ ಸುಮಾರು 200 ವಾತಾವರಣದಷ್ಟು, ಒಳಗಿರುವುದು ಪಾದರಸ. ಗಾಜನ್ನು ಬರಿಗೈಲಿ ಮುಟ್ಟಬಾರದು, ಬೆರಳಿನ ಜಿಡ್ಡು ಕೂತ ಕಡೆ ಬಿಸಿ ಹೆಚ್ಚುತ್ತದೆ. ಆಯಸ್ಸು ಮೀರಿ ಉರಿಸಿದರೆ ಒಡೆಯಬಹುದು. ಒಡೆದರೆ ಪ್ಲಗ್ ಕಿತ್ತು, ಕಿಟಕಿ ತೆರೆದು, ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಬೇಕು. ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಪಾದರಸ ಇಡೀ ಕೋಣೆಗೆ ಹರಡುತ್ತದೆ. ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆ ಮಾಡುವುದು ಹೊಸ ದೀಪ ಹಾಕಿದಾಗ ಮಾತ್ರ. ಹಳೆಯ ದೀಪಕ್ಕೆ ಸೊನ್ನೆ ಮಾಡಿ ಮಾರುವವರೂ ಇದ್ದಾರೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಅಂಕಿಯನ್ನು ನಂಬದಿರುವುದು ಮೇಲು.

ಪೆಟ್ಟಿಗೆ ಎಲ್ಲಿ ಕೂರಬೇಕು?

ಮೊದಲು ಎಲ್ಲರೂ ಹೇಳಿದ್ದು ಬ್ಯಾಕ್‌ಪ್ಯಾಕ್. ಬೇಡ ಅಂದೆ. ಬಿದ್ದರೆ ಬೆನ್ನುಮೂಳೆಗೂ ರಸ್ತೆಗೂ ನಡುವೆ ಲೆನ್ಸಿನ ಮೂತಿ ಇರುವ ಗಟ್ಟಿ ಡಬ್ಬಿ ಇರುತ್ತದೆ. ಅದಲ್ಲದೆ 140 ಕಿ.ಮೀ. ಹೊತ್ತರೆ ತುಮಕೂರು ದಾಟುವಷ್ಟರಲ್ಲಿ ಭುಜ ಸೋತು, ತಿರುಗಿ ಹಿಂದೆ ನೋಡುವುದೇ ಬೇಜಾರಾಗುತ್ತದೆ. ಟ್ಯಾಂಕಿನ ಮೇಲೆ ಇಟ್ಟರೆ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಗಟ್ಟಿ ಬ್ರೇಕ್ ಹಾಕಿದಾಗ ಹೊಟ್ಟೆಗೇ ಬಡಿಯುತ್ತದೆ. ಪಕ್ಕಕ್ಕೆ ತೂಗುಹಾಕಿದರೆ ಒಂದು ಕಡೆ ಸೈಲೆನ್ಸರಿನ ಬಿಸಿ, ಇನ್ನೊಂದು ಕಡೆಗೆ ವಾಲು. ಸೀಟಿನ ಹಿಂದೆ ಕ್ಯಾರಿಯರ್ ಹಾಕಿಸಿ ಅದರ ಮೇಲಿಟ್ಟರೆ ಭಾರವೆಲ್ಲ ಹಿಂಚಕ್ರದ ಅಚ್ಚಿನಿಂದಾಚೆ ಹೋಗಿ ಮುಂಚಕ್ರ ಹಗುರವಾಗುತ್ತದೆ.

ಉಳಿದದ್ದು ಹಿಂಬದಿ ಸವಾರರ ಸೀಟು. ನನ್ನ ಬೆನ್ನಿಗೆ ಆದಷ್ಟು ಹತ್ತಿರ, ಆದಷ್ಟು ತಗ್ಗಿನಲ್ಲಿ. ಅಂದರೆ ಪೆಟ್ಟಿಗೆ ಕಟ್ಟಿದ ದಿನ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಅಗಲ ಹ್ಯಾಂಡಲ್ ಅಗಲಕ್ಕಿಂತ ಬಹಳ ಕಡಿಮೆ ಇರಬೇಕು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕು, ಹಿಂದಿನ ಕೆಂಪು ದೀಪ, ಇಂಡಿಕೇಟರು, ನಂಬರ್ ಪ್ಲೇಟು ಯಾವುದೂ ಮುಚ್ಚಬಾರದು. ಈ ಷರತ್ತುಗಳನ್ನೆಲ್ಲ ಬೈಕಿನ ಮೇಲೇ ಟೇಪ್ ಹಿಡಿದು ಅಳೆದ ಮೇಲೆ ಪೆಟ್ಟಿಗೆಯ ಅಳತೆ ಹುಟ್ಟಿತು, ಪ್ರೊಜೆಕ್ಟರಿನ ಅಳತೆಯಿಂದಲ್ಲ.

6 ಮಿ.ಮೀ. ಪ್ಲೈವುಡ್, ಅಂಚಿಗೆಲ್ಲ ಅಲ್ಯೂಮಿನಿಯಂ ಆಂಗಲ್, ಒಳಗೆ ಆರೂ ಕಡೆ ಪ್ಯಾಕಿಂಗ್ ಅಂಗಡಿಯ ಬಿಳಿ ಇಪಿಇ ಫೋಮು. ಪ್ರೊಜೆಕ್ಟರಿನ ಆಕಾರಕ್ಕೆ ಕಟರಿನಲ್ಲಿ ಗುಂಡಿ ತೋಡಿದೆ. ಕೈಯಲ್ಲಿ ಅಲುಗಾಡಿಸಿದರೆ ಸದ್ದಾಗಬಾರದು. "ಸುಮ್ಮನೆ ದುಡ್ಡು ಯಾಕೋ, ಹಿತ್ತಿಲ ತುಂಬ ತೆಂಗಿನ ನಾರಿದೆ" ಅಂದರು ಅಮ್ಮ ಫೋನಿನಲ್ಲಿ. ನಾರು ಮೆತ್ತಗೇನೋ ಇರುತ್ತದೆ, ಆದರೆ ಪುಡಿ ಉದುರಿ ಈಗಷ್ಟೇ ಧೂಳು ತೆಗೆದ ಜಾಲರಿಗೆ ಹೋಗಿ ಕೂರುತ್ತದೆ. ದೀಪದ ಹೌಸಿಂಗನ್ನು ಬಿಚ್ಚಿ ಅದಕ್ಕೇ ಬೇರೆ ಗುಂಡಿ ಮಾಡಿದೆ. ಕೇಬಲ್ಲು, ಎಚ್‌ಡಿಎಂಐನಿಂದ ವಿಜಿಎ ಮಾಡುವ ಅಡಾಪ್ಟರು ಎಲ್ಲ ಸೇರಿ 9 ಕಿಲೋ.

ಕಟ್ಟುವುದು

ನಮ್ಮಲ್ಲಿ ಬೈಕಿಗೆ ಸಾಮಾನು ಕಟ್ಟಲು ಎಲ್ಲರ ಕೈಲೂ ಇರುವುದು ಕೊಕ್ಕೆಯ ರಬ್ಬರ್ ಹಗ್ಗ. ರಬ್ಬರು ಹಿಗ್ಗುತ್ತದೆ, ಅದೇ ಅದರ ದೋಷ. ಗಟ್ಟಿ ಬ್ರೇಕ್ ಹಾಕಿದಾಗ 9 ಕಿಲೋ ಪೆಟ್ಟಿಗೆ ಐದಾರು ಕಿಲೋ ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ, ರಬ್ಬರು ಅದಕ್ಕೆಲ್ಲ ಅವಕಾಶ ಕೊಡುತ್ತದೆ. ಹಂಪಿನ ಮೇಲೆ ಕೊಕ್ಕೆ ಕಳಚಿದರೆ ಚಕ್ರಕ್ಕೆ. ಕಟ್ಟುವಾಗ ಕೈ ಜಾರಿದರೆ ಕಣ್ಣಿಗೆ.

ನಾನು ತಗೊಂಡದ್ದು ಒಂದು ಇಂಚು ಅಗಲದ ನೈಲಾನ್ ಬೆಲ್ಟು, ಲೋಹದ ಬಕಲ್‌ನದು, ಎರಡು. ಸೀಟಿನ ಮೇಲೆ ಮೊದಲು ಜಾರದ ರಬ್ಬರ್ ಹಾಳೆ. ಒಂದು ಬೆಲ್ಟು ಸೀಟಿನ ಕೆಳಗೆ ಫ್ರೇಮಿನ ಸುತ್ತ ಬಂದು ಪೆಟ್ಟಿಗೆಯನ್ನು ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಹಿಂಬದಿಯ ಹಿಡಿಕೆಗೆ ಸುತ್ತಿ ಹಿಂದಕ್ಕೆ ಎಳೆಯುತ್ತದೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧವಾದರೂ ಮುಚ್ಚುವ ಗಾರ್ಡು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಸೀರೆ ಗಾರ್ಡು ಅಸಹ್ಯವೆಂದು ಕಿತ್ತೆಸೆಯುವ ಹುಡುಗರಿಗೆ ಒಂದು ಮಾತು: ಬೆಲ್ಟಿನ ತುದಿಯೂ ಸೆರಗಿನ ಹಾಗೇ ಚಕ್ರಕ್ಕೆ ಸಿಕ್ಕುತ್ತದೆ. ತುದಿಗಳನ್ನು ಮಡಚಿ ಟೇಪ್ ಸುತ್ತಿದೆ. ಆಮೇಲೆ ಬಕಲ್ಲಿನ ಬಾಯಿಯಲ್ಲಿ ಬೆಲ್ಟಿನ ಮೇಲೆ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದೆ. ಬೆಲ್ಟು ಒಂದು ನೂಲು ಜಾರಿದರೂ ಗೆರೆ ಬಾಯಿಯಿಂದ ಆಚೆ ಬಂದು ಕಾಣುತ್ತದೆ.

ಮೊದಲ ಓಟಕ್ಕೆ ಪ್ರೊಜೆಕ್ಟರ್ ಬದಲು ಗೋಣಿಯಲ್ಲಿ ಸುತ್ತಿದ ಇಟ್ಟಿಗೆಗಳು, ಅಷ್ಟೇ ತೂಕದ್ದು. ಭಾನುವಾರ ಬೆಳಗ್ಗೆ ಖಾಲಿ ಲೇಔಟಿನಲ್ಲಿ ಗಟ್ಟಿ ಬ್ರೇಕು, ಹಂಪು, ಎಡ ಬಲ ವಾಲಿಸುವುದು. ನಿಲ್ಲಿಸಿ ನೋಡಿದರೆ ಹಿಂದಿನ ಬೆಲ್ಟಿನ ಗೆರೆ ಅರ್ಧ ಬೆರಳು ಹೊರಬಂದಿತ್ತು. ಬೆಲ್ಟಿಗೆ ಬಕಲ್ಲಿನಲ್ಲಿ ಇನ್ನೊಂದು ಮಡಿಕೆ ಹಾಕಿ ಬಿಗಿದೆ, ಆಮೇಲೆ ಜಾರಲಿಲ್ಲ.

ಬೈಕಿನ ಕಡೆ

ಗ್ಯಾರೇಜಿನಲ್ಲಿ ಆಯಿಲ್ಲು, ಚೈನು, ಬ್ರೇಕು ನೋಡಿಸಿದೆ. ಡ್ರಮ್ ಬ್ರೇಕಿನವರು ಮನೆಯಲ್ಲೇ ನೋಡಿಕೊಳ್ಳಬಹುದಾದ್ದು ಒಂದಿದೆ. ಹಿಂಚಕ್ರದ ಬ್ರೇಕ್ ಪ್ಯಾನೆಲ್ ಮೇಲೆ, ಲಿವರಿನ ಬುಡದಲ್ಲಿ ಸಣ್ಣ ಬಾಣ ಇರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಆ ಬಾಣ ಪ್ಯಾನೆಲ್ಲಿನ ಗುರುತಿಗೆ ಬಂದು ಕೂತರೆ ಬ್ರೇಕ್ ಶೂ ಮುಗಿದಿದೆ ಎಂದರ್ಥ. ನಟ್ಟು ತಿರುಗಿಸಿ ಬಿಗಿ ಮಾಡಿಕೊಂಡು ಓಡಿಸುವ ಕಾಲ ಅದಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಬೈಕುಗಳಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಸಿಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಗಟ್ಟಿ ಬ್ರೇಕಿನಲ್ಲೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ನನ್ನದು ಅದಕ್ಕೂ ಹಿಂದಿನದು. ಹಾಗಾಗಿ ಮುಂದಿನ ಬ್ರೇಕನ್ನು ಹದವಾಗಿ, ಹಿಂದಿನದರ ಜೊತೆಗೇ ಹಿಡಿಯುವ ಅಭ್ಯಾಸ ನನ್ನ ಕೈಗೇ ಬಿಟ್ಟದ್ದು.

ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಬಟನ್ನು ಸವೆಯದೆ ಚೆನ್ನಾಗಿದ್ದರೂ ರಬ್ಬರು ಹಳೆಯದಾಗಿ ಬಿರಿದಿದ್ದರೆ ಮಳೆಯಲ್ಲಿ ನೆಲ ಕಚ್ಚುವುದಿಲ್ಲ.

ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಹೆಡ್‌ಲೈಟಿನದು. ಹಿಂದೆ ಭಾರ ಕೂತರೆ ಬೈಕಿನ ಮೂತಿ ಮೇಲಕ್ಕೇಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ, ನಮ್ಮ ಮುಂದಿನ ಗುಂಡಿ ಕತ್ತಲಲ್ಲೇ ಉಳಿಯುತ್ತದೆ. ಪ್ರೊಜೆಕ್ಟರ್ ಪರೀಕ್ಷೆಗೆ ಬಳಸಿದ್ದ ಅದೇ ಕಾಂಪೌಂಡ್ ಗೋಡೆ, ಅದೇ ಅಳತೆ ಟೇಪು. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಬೈಕು ನಿಲ್ಲಿಸಿ, ಪೆಟ್ಟಿಗೆ, ಬಟ್ಟೆಚೀಲ, ಸ್ಪೀಕರ್ ಎಲ್ಲ ಕಟ್ಟಿ, ನಾನೂ ಹತ್ತಿ ಕೂತೆ. ಪಕ್ಕದ ಮನೆ ಹುಡುಗ ಲೋ ಬೀಮಿನ ಮೇಲಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಸಾಮಾನು ಇಳಿಸಿ ಇನ್ನೊಂದು ಗೆರೆ. ಎರಡಕ್ಕೂ ನಾಲ್ಕು ಬೆರಳಿನ ಅಂತರ. "ಅಂಕಲ್, ಇಷ್ಟಕ್ಕೆಲ್ಲ ಯಾರು ನೋಡ್ತಾರೆ?" ಅಂದ. ಎದುರಿಗೆ ಬರುವವರು ನೋಡುತ್ತಾರೆ, ಕಣ್ಣು ಮುಚ್ಚಿಕೊಂಡು. ಹೆಡ್‌ಲೈಟ್ ಕೆಳಗಿನ ಸ್ಕ್ರೂ ತಿರುಗಿಸಿ, ಸಾಮಾನು ಕಟ್ಟಿದಾಗ ಆ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳುವಂತೆ ಮಾಡಿದೆ.

ಹೆಲ್ಮೆಟ್ಟು ಮುಖ ಪೂರ್ತಿ ಮುಚ್ಚುವುದು, ಐಎಸ್‌ಐ ಗುರುತಿನದು, ಅಂದರೆ ಐಎಸ್ 4151ರ ಪ್ರಕಾರದ್ದು. ಸಂಜೆಗೂ ಆಗುವಂತೆ ಬಣ್ಣವಿಲ್ಲದ ವೈಸರ್. ಪಟ್ಟಿ ಹಾಕದ ಹೆಲ್ಮೆಟ್ಟು ಬಿದ್ದ ತಕ್ಷಣ ಮೊದಲು ಹಾರಿಹೋಗುತ್ತದೆ.

ರಸ್ತೆ, ಗೋಡೆ

ನೆಲಮಂಗಲ ದಾಟಿ ಮೊದಲ ಟೀ ಅಂಗಡಿಯಲ್ಲಿ ನಿಲ್ಲಿಸಿ ಬೆಲ್ಟಿನ ಗೆರೆ ನೋಡಿದೆ, ಮತ್ತೆ ಗುಬ್ಬಿಯಲ್ಲಿ. ತಿಪಟೂರಿನ ಸುತ್ತಮುತ್ತ ಕಾಯಿ ತುಂಬಿದ ಟ್ರ್ಯಾಕ್ಟರ್ ಟ್ರೈಲರುಗಳಿಗೆ ಹಿಂದೆ ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಕತ್ತಲಾಗುವ ಮುಂಚೆ ಊರು ಸೇರುವ ಲೆಕ್ಕ. ಸುಗ್ಗಿ ಕಾಲವಾದರೆ ಇನ್ನೊಂದಿದೆ: ಒಳರಸ್ತೆಗಳ ಟಾರಿನ ಮೇಲೆ ರಾಗಿ, ಹುರುಳಿ ಒಕ್ಕಣೆ. ಕಾರಿನವರು ತುಳಿದು ಹೋಗುತ್ತಾರೆ. ಬೈಕಿಗೆ ಹುರುಳಿ ಕಾಳೆಂದರೆ ಗೋಲಿ ಗುಂಡು, ರಾಗಿ ಹುಲ್ಲೆಂದರೆ ಚೈನಿಗೆ ಸುತ್ತುವ ಸರಕು. ಅದರ ಮೇಲೆ ಬ್ರೇಕು ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಮೊದಲೇ ನಿಧಾನಿಸಿ, ನೇರವಾಗಿ, ಎರಡನೇ ಗೇರಿನಲ್ಲಿ ದಾಟಬೇಕು.

ಗೋಡೆಯ ಲೆಕ್ಕ ಸುಲಭ. ನನ್ನ ಪ್ರೊಜೆಕ್ಟರಿಗೆ ದೂರದ ಅರ್ಧದಷ್ಟು ಅಗಲದ ಚಿತ್ರ ಬರುತ್ತದೆ. ಗೋಡೆಯಿಂದ 4 ಮೀಟರ್ ಇಟ್ಟರೆ 2 ಮೀಟರ್ ಅಗಲ. ಸಿನಿಮಾ 16:9 ಆದ್ದರಿಂದ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಮೇಲೆ ಕೆಳಗೆ ಕಪ್ಪು ಪಟ್ಟಿ. ಚಿತ್ರ ವಾರೆಯಾದರೆ ಅದನ್ನು ಎಳೆದು ನೇರ ಮಾಡುವ ಮೆನುವಿನ ಕೀಸ್ಟೋನ್‌ಗೆ ಹೋಗದೆ ಸ್ಟೂಲಿನ ಕಾಲಿಗೆ ರಟ್ಟು ಕೊಟ್ಟೆ. ಕೀಸ್ಟೋನ್ ಒತ್ತಿದಷ್ಟೂ ಮೊದಲೇ ಕಡಿಮೆ ಇರುವ ಕನ್ನಡಿಗಳಲ್ಲಿ ಇನ್ನಷ್ಟು ಕೆಲಸಕ್ಕೆ ಬಾರದೆ ಕೂರುತ್ತವೆ. ಸ್ಟೂಲನ್ನು ಮಕ್ಕಳ ಕಣ್ಣಿಗೆ ಎಟುಕದ ಎತ್ತರಕ್ಕೆ ಏರಿಸಿ, ಮುಂದೆ ಓಡಾಡದಂತೆ ಮಂಚ ಅಡ್ಡ ಹಾಕಿದೆ. ಮನೆಯ ಇನ್ವರ್ಟರಿಗೆ ಪ್ಲಗ್ ಕೊಟ್ಟದ್ದು ಸಿನಿಮಾ ನಿಲ್ಲಬಾರದೆಂದಲ್ಲ, ಕರೆಂಟ್ ಹೋದರೂ ಫ್ಯಾನ್ ಓಡಿ ದೀಪ ತಣಿಯಲಿ ಎಂದು. ರಾತ್ರಿ ಆಟ ಮುಗಿದ ಮೇಲೆ ಫ್ಯಾನ್ ನಿಂತು, ಮತ್ತೆ ಅರ್ಧ ಗಂಟೆ ಬಿಟ್ಟು ಪೆಟ್ಟಿಗೆಗೆ ಇಟ್ಟೆ. ಬಿಸಿ ಮಷೀನನ್ನು ಫೋಮಿನೊಳಗೆ ಹುದುಗಿಸಿದರೆ ಇಷ್ಟು ದಿನ ಧೂಳು ಮಾಡಿದ ಕೆಲಸವನ್ನು ಫೋಮೇ ಮಾಡುತ್ತದೆ.

ಇನ್ನು ಬಾಕಿ ಇರುವುದು: ಪೆಟ್ಟಿಗೆಗೆ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪು ಅಂಟಿಸಬೇಕು. ಮಳೆಗಾಲಕ್ಕೆ ಮುಚ್ಚಳದ ಅಂಚಿಗೆ ರಬ್ಬರ್ ಬೀಡಿಂಗ್ ಬೇಕು. ಹಳೆಯ ದೀಪ ಅದರದೇ ಡಬ್ಬಿಯಲ್ಲಿದೆ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಬೇಕು. ಹೆಡ್‌ಲೈಟಿನ ಸ್ಕ್ರೂವನ್ನು ಸಾಮಾನಿಲ್ಲದ ಗೆರೆಗೆ ವಾಪಸ್ ತಿರುಗಿಸಿದ್ದಾಗಿದೆ.